ಸಾದಾ ಒಡಲು, ಕೆಂಪು ಸೆರಗು

ಮೇ ತಿಂಗಳ ಒಂದು ಮಧ್ಯಾಹ್ನ. ವಿಜಯಪುರದ ಕಾಲೇಜಿನಿಂದ ಬಸ್ಸಿನಲ್ಲಿ ತಿಕೋಟಾಕ್ಕೆ ಬಂದಿಳಿದ ತಂಗಿಯ ಮಗಳು ಮನೆಯೊಳಗೆ ಕಾಲಿಟ್ಟವಳೇ ಫ್ಯಾನಿನ ಕೆಳಗೆ ಕೂತುಬಿಟ್ಟಳು. ಗೋಧಿ ಬಣ್ಣದ ಸಡಿಲ ಅಂಗಿ, ಅದೇ ಬಣ್ಣದ ಪ್ಯಾಂಟು. ಬೆನ್ನೆಲ್ಲ ಒದ್ದೆಯಾಗಿ ಬಟ್ಟೆ ಚರ್ಮಕ್ಕೆ ಅಂಟಿತ್ತು. ಫೋನಿನಲ್ಲಿ ನೋಡಿ ತರಿಸಿದ್ದಂತೆ. ಅದರ ವಿವರಣೆಯಲ್ಲಿ ‘ಪ್ಯಾರಿಸ್ ಸ್ಟೈಲ್’ ಎಂದೂ ಬರೆದಿತ್ತು, ‘ಸ್ಕ್ಯಾಂಡಿನೇವಿಯನ್ ಮಿನಿಮಲ್’ ಎಂದೂ ಬರೆದಿತ್ತು.

“ದೊಡ್ಡವ್ವಾ, ಫೋಟೋದಾಗ ಎಷ್ಟ ಚಂದ ಕಾಣತಿತ್ತು. ಮೈಮ್ಯಾಲ ಹಾಕ್ಕೊಂಡ್ರ ಗೋಣಿಚೀಲ ಆತು. ಸಾದಾ ಅರಿವಿ ನಮಗ ಒಪ್ಪಂಗಿಲ್ಲೇನು?”

ಆ ಪ್ರಶ್ನೆಗೆ ಅವತ್ತು ನಾನು ಮಾತಿನಲ್ಲಿ ಉತ್ತರ ಕೊಡಲಿಲ್ಲ. ಟ್ರಂಕು ತೆಗೆದು ನಮ್ಮವ್ವನ ಇಳಕಲ್ಲ ಸೀರೆ ಹಾಸಿಗೆಯ ಮೇಲೆ ಹರವಿದೆ. ಈಗ ಅದನ್ನೇ ನಿಮ್ಮೆದುರು ಹರವುತ್ತೇನೆ, ಏಕೆಂದರೆ ಸಾದಾ ಉಡುಪಿನ ಬಗ್ಗೆ ಪ್ಯಾರಿಸ್ಸಿನವರು ಹೇಳುವುದರಲ್ಲಿ ಅರ್ಧ ಆ ಸೀರೆಯಲ್ಲೇ ಇದೆ.

ನವಿಲು ಹಸಿರು ಬಣ್ಣದ ಒಡಲು. ಹೂವಿಲ್ಲ, ಬಳ್ಳಿಯಿಲ್ಲ, ಬುಟ್ಟಾ ಇಲ್ಲ. ಮೊಳಗಟ್ಟಲೆ ಬರೀ ಹಸಿರು. ಎರಡೂ ಅಂಚಿಗೆ ಕೆಂಪು ದಡಿ. ಹಸಿರು ಮುಗಿದ ಕಡೆ ಒಮ್ಮೆಲೇ ಕೆಂಪು ಸೆರಗು, ಆ ಕೆಂಪಿನ ಮೇಲೆ ಬಿಳಿ ಎಳೆಯ ಚಿತ್ರ: ಬಾಚಣಿಗೆಯ ಹಲ್ಲಿನಂಥ ಹಣಿಗೆ, ಕೋಟೆಗೋಡೆಯ ತೆನೆಗಳು, ಜೋಳದ ತೆನೆ. ನಮ್ಮ ಎರಿ ಹೊಲದ ಜೋಳ, ನಮ್ಮ ಊರಿನ ಕೋಟೆ. ಸೆರಗನ್ನು ತಿರುವಿ ಹಸಿರು-ಕೆಂಪು ಕೂಡುವ ಗೆರೆಯ ಮೇಲೆ ಬೆರಳು ಆಡಿಸಿದರೆ ಸಣ್ಣ ಸಾಲು ಕುಣಿಕೆಗಳು ತಾಗುತ್ತವೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಿದ ಗುರುತು ಅದು. ತೋಪು ತೆನಿ ಸೆರಗು ಅನ್ನುವುದು ಇದಕ್ಕೇ. ಇಷ್ಟು ಶ್ರಮವೆಲ್ಲ ಸೀರೆಯ ಒಂದು ತುದಿಗೆ. ಉಳಿದದ್ದು ಖಾಲಿ. ಆ ಖಾಲಿ ಇರುವುದರಿಂದಲೇ ಕಣ್ಣು ನೇರ ಸೆರಗಿಗೆ ಹೋಗಿ ನಿಲ್ಲುತ್ತದೆ.

ಫ್ರೆಂಚ್ ಹೆಂಗಸರ ಸರಳ ಉಡುಪು ಎಂದು ಪತ್ರಿಕೆಗಳು ಕೊಂಡಾಡುವುದರ ಗುಟ್ಟೂ ಇಷ್ಟೇ. ಮೈತುಂಬಾ ಕಪ್ಪೋ ಕಡುನೀಲಿಯೋ ಬಿಳಿಯೋ, ಕಣ್ಣು ನಿಲ್ಲಲು ಒಂದೇ ಒಂದು ಜಾಗ: ಕುತ್ತಿಗೆಯ ರೇಷ್ಮೆ ವಸ್ತ್ರ, ಇಲ್ಲವೇ ತುಟಿಯ ಕೆಂಪು, ಇಲ್ಲವೇ ಒಂದು ಒಳ್ಳೆಯ ಚಪ್ಪಲಿ. ಕೊಕೊ ಶನೆಲ್ ವಿನ್ಯಾಸ ಮಾಡಿದ ಸಾದಾ ಕಪ್ಪು ಉಡುಪಿನ ಚಿತ್ರ 1926ರಲ್ಲಿ ಅಮೆರಿಕದ ‘ವೋಗ್’ ಪತ್ರಿಕೆಯಲ್ಲಿ ಬಂತು. ಆ ಪತ್ರಿಕೆ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು, ಎಲ್ಲರಿಗೂ ಒಪ್ಪುವ ಒಂದೇ ಮಾದರಿ ಎಂಬ ಅರ್ಥದಲ್ಲಿ. ಅಡ್ಡ ಗೆರೆಯ ನೀಲಿ-ಬಿಳಿ ಅಂಗಿ ಇನ್ನೂ ಹಳೆಯದು. ಅದು ಹಡಗಿನ ಸಿಪಾಯಿಗಳ ಅರಿವಿ. 1858ರ ಮಾರ್ಚ್ 27ರ ಆದೇಶದಲ್ಲಿ ಫ್ರೆಂಚ್ ನೌಕಾಪಡೆ ಆ ಅಂಗಿಯ ಗೆರೆ ಎಷ್ಟಿರಬೇಕು ಎಂದು ಲೆಕ್ಕ ಹಾಕಿ ಬರೆಯಿತು: ಎದೆ-ಬೆನ್ನಿನ ಭಾಗಕ್ಕೆ 21 ಬಿಳಿ ಪಟ್ಟಿ, ನಡುವೆ ಅದರ ಅರ್ಧದಷ್ಟು ಅಗಲದ ನೀಲಿ ಪಟ್ಟಿ. ದುಡಿಯುವವರ ಮೈಮೇಲಿಂದ ಶಹರದ ಹೆಂಗಸರ ಮೈಗೆ ಅದು ಬಂದದ್ದು ಆಮೇಲೆ, ಶನೆಲ್ ಕಾಲದಲ್ಲಿ.

ಪತ್ರಿಕೆಗಳ ‘ಫ್ರೆಂಚ್ ಹೆಂಗಸು’ ಪ್ಯಾರಿಸ್ಸಿನ ನಾಲ್ಕು ಓಣಿಗಳಿಂದ ಕಟ್ಟಿದ ಚಿತ್ರ, ಆ ದೇಶದವರೆಲ್ಲ ಹಾಗೇ ಉಡುತ್ತಾರೆಂದು ನಂಬಬೇಕಿಲ್ಲ. ಆದರೆ ಆ ಚಿತ್ರದ ಹಿಂದಿನ ನಿಯಮ ಗಟ್ಟಿಯಾದದ್ದು. ನಂಬಿಕೆ ಬರದಿದ್ದರೆ ಗೋಲಗುಮ್ಮಟದ ಎದುರು ನಿಂತು ನೋಡಿ. 1656ರ ಆ ಕಟ್ಟಡದ ಗೋಡೆ ಸಾದಾ. ಕುಸುರಿ ಇರುವುದು ಮೇಲೆ ಮುಂದಕ್ಕೆ ಚಾಚಿದ ಛಜ್ಜಾದ ಸಾಲಿನಲ್ಲಿ, ಗುಮ್ಮಟದ ಬುಡದ ಎಸಳುಗಳಲ್ಲಿ. ಅದೇ ಊರಿನ ಇಬ್ರಾಹಿಂ ರೋಜಾದ ಗೋಡೆಯಲ್ಲಿ ಬೆರಳಿಡುವಷ್ಟೂ ಖಾಲಿ ಬಿಟ್ಟಿಲ್ಲ. ಎರಡೂ ಚಂದವೇ. ಅಂತೆಯೇ ನಮ್ಮ ಜಿಲ್ಲೆಯ ತಾಂಡಾಗಳ ಲಂಬಾಣಿ ಅಕ್ಕಂದಿರು ಕನ್ನಡಿ, ಕವಡೆ, ಬೆಳ್ಳಿ ಹೊತ್ತು ನಡೆದರೆ ಬಜಾರವೇ ಬೆಳಗುತ್ತದೆ. ಸಾದಾ ಉಡುವವರು ಅವರಿಗಿಂತ ಮೇಲೆ ಎಂದು ಯಾರಾದರೂ ಅಂದರೆ ಆ ಮಾತಿಗೆ ನಾನು ಒಪ್ಪುವವಳಲ್ಲ. ಸಾದಾ ಉಡುಪು ಬೇಕು ಅನ್ನುವವರಿಗೆ ಅದನ್ನು ಸರಿಯಾಗಿ ಮಾಡುವ ದಾರಿ ತಿಳಿಯಲಿ, ಇಷ್ಟೇ ಈ ಲೇಖನದ ಆಸೆ.

ಸ್ಕ್ಯಾಂಡಿನೇವಿಯದವರ, ಅಂದರೆ ಸ್ವೀಡನ್, ನಾರ್ವೆ, ಡೆನ್ಮಾರ್ಕಿನವರ ದಾರಿ ಬೇರೆ. ಅವರು ಕಣ್ಣು ಎಲ್ಲಿ ನಿಲ್ಲಬೇಕು ಅನ್ನುವುದಕ್ಕಿಂತ ಮೊದಲು ಹೊರಗೆ ಹವಾ ಹೇಗಿದೆ ಎಂದು ಕೇಳುತ್ತಾರೆ. ಕೆಟ್ಟ ಹವಾ ಅನ್ನುವುದೇ ಇಲ್ಲ, ಕೆಟ್ಟ ಅರಿವಿ ಇರುತ್ತದೆ ಅಷ್ಟೇ ಎಂಬ ಗಾದೆ ನಾರ್ವೆಯವರ ಬಾಯಲ್ಲಿದೆ. ಅಲ್ಲಿಯ ಉಡುಪು ಪದರ ಪದರ. ಮೈಗೆ ಹತ್ತಿದ್ದು ತೆಳ್ಳಗೆ, ನಡುವೆ ಉಣ್ಣೆ, ಮೇಲೆ ಗಾಳಿ-ಮಳೆ ತಡೆಯುವುದು. ಸಡಿಲ, ನಡೆಯಲು ಸೈಕಲ್ ಹೊಡೆಯಲು ಅನುಕೂಲ, ಬೂದಿ-ಬಿಳಿ-ಕಪ್ಪು. ನಾನೇ ಹೆಚ್ಚಿನವ ಎಂದು ತೋರಿಸಿಕೊಳ್ಳಬಾರದೆಂಬ ಒಂದು ಅಲಿಖಿತ ನಿಯಮವೂ ಅವರ ಸಮಾಜದಲ್ಲಿದೆ. ಆಕ್ಸೆಲ್ ಸಾಂಡೆಮೂಸ ಎಂಬ ಲೇಖಕ 1933ರ ಕಾದಂಬರಿಯಲ್ಲಿ ಅದಕ್ಕೆ ‘ಯಾಂಟೆ ಕಾನೂನು’ ಎಂದು ಹೆಸರಿಟ್ಟ. ಅವನು ಅದನ್ನು ಟೀಕಿಸಲು ಬರೆದ, ಜನ ಅದನ್ನೇ ತಮ್ಮ ಸ್ವಭಾವದ ಹೆಸರು ಮಾಡಿಕೊಂಡರು.

ಹವಾ ನೋಡಿ ಉಡುವುದು ನಮಗೆ ಹೊಸದೇನೂ ಅಲ್ಲ. ಕುರುಬರ ಕಂಬಳಿ ನೋಡಿ. ಚಳಿಗೆ ಹೊದಿಕೆ, ಕೂರಲು ಹಾಸು, ಮಳೆಗೆ ಮಡಿಚಿ ತಲೆಗೇರಿಸಿದರೆ ಕೊಪ್ಪೆ. ಒರಟು ಉಣ್ಣೆಗೆ ಕುರಿಯ ಜಿಡ್ಡು ಇರುವುದರಿಂದ ಮಳೆನೀರು ಬೇಗ ಒಳಗಿಳಿಯುವುದಿಲ್ಲ, ತೊಯ್ದರೂ ಉಣ್ಣೆ ಬೆಚ್ಚಗೇ ಇರುತ್ತದೆ. ನಾರ್ವೆಯ ಮೀನುಗಾರರು ಉಣ್ಣೆಯ ಅಂಗಿ ತೊಟ್ಟದ್ದೂ ಇದೇ ಕಾರಣಕ್ಕೆ. ನಮ್ಮ ಹಿರಿಯರ ಬಿಳಿ ಧೋತರ, ಅಗಲ ತೋಳಿನ ನೆಹರು ಅಂಗಿ, ಹೆಗಲಿಗೆ ವಲ್ಲಿ, ತಲೆಗೆ ಪಟಗಾ ಅಥವಾ ಟೋಪಿ ಇವೆಲ್ಲ ಬಿಸಿಲಿನ ಲೆಕ್ಕ ಹಾಕಿಯೇ ಬಂದವು. ಬಿಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಸಡಿಲ ಅಂಗಿಯೊಳಗೆ ಗಾಳಿ ಆಡುತ್ತದೆ, ವಲ್ಲಿ ಬೆವರೊರೆಸಲು, ಬಾಯಿಗೆ ಧೂಳು ಬರದಂತೆ ಕಟ್ಟಲು.

ಇಲ್ಲಿ ಸಿದ್ಧೇಶ್ವರ ಶ್ರೀಗಳನ್ನು ನೆನೆಯದೆ ಮುಂದೆ ಹೋಗಲು ನನ್ನಿಂದಾಗದು. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಅವರು 2023ರ ಜನವರಿ 2ರಂದು ಲಿಂಗೈಕ್ಯರಾದರು. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದವರು. ಅವರ ಬಿಳಿ ಅಂಗಿಗೆ ಜೇಬಿರಲಿಲ್ಲ, ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಅದನ್ನು ಫ್ಯಾಷನ್ ಎಂದು ಕರೆಯುವ ಉದ್ಧಟತನ ಬೇಡ. ಆದರೆ ಅರಿವಿ ಹೊಲಿಸುವ ಪ್ರತಿಯೊಬ್ಬರೂ ಆ ಅಂಗಿಯಿಂದ ಒಂದು ಪ್ರಶ್ನೆ ತೆಗೆದುಕೊಳ್ಳಬಹುದು: ಇದರಲ್ಲಿ ನನಗೆ ಬೇಕಾದದ್ದು ಯಾವುದು, ಎಲ್ಲರಿಗೂ ಇದೆ ಎಂದು ನಾನೂ ಇಟ್ಟುಕೊಂಡದ್ದು ಯಾವುದು? ಏನೂ ಇಟ್ಟುಕೊಳ್ಳದವರಿಗೆ ಜೇಬು ಬೇಕಿರಲಿಲ್ಲ. ನಿಮಗೆ ಬೇಕೋ ಬೇಡವೋ ನೀವು ಹೇಳಬೇಕು.

ಈಗ ಮಗಳ ಗೋಧಿ ಬಣ್ಣದ ಅಂಗಿಗೆ ಬರೋಣ. ಅದು ಕೆಟ್ಟದ್ದು ಎಲ್ಲಿ? ಮೊದಲು ಬಟ್ಟೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿಗೆ ಪಾಲಿಯೆಸ್ಟರ್ ತಂದದ್ದು. ಅಂಗಡಿಯವರ ಮಾತು ನಂಬಬೇಡಿ, ಚೀಟಿಯನ್ನೂ ಪೂರ್ತಿ ನಂಬಬೇಡಿ. ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು ಚಿಮಟಿಯಲ್ಲಿ ಹಿಡಿದು ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಮೆತ್ತನೆ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ, ಆರಿದ ಮೇಲೆ ಗಟ್ಟಿ ಕರಿಮಣಿ. ರೇಷ್ಮೆ, ಉಣ್ಣೆಗಳು ಕೂದಲು ಸುಟ್ಟ ವಾಸನೆ ಬಿಡುತ್ತವೆ. ಬೂದಿಯೂ ಮಣಿಯೂ ಎರಡೂ ಕಂಡರೆ ಮಿಶ್ರ ನೂಲು. ಎಳೆ ಉದ್ದದಿಂದ ಒಂದು, ಅಡ್ಡದಿಂದ ಒಂದು ಕೀಳಬೇಕು, ಏಕೆಂದರೆ ಹಾಸು ಹತ್ತಿಯಾಗಿ ಹೊಕ್ಕು ಬೇರೆಯಾಗಿರುವುದು ಸಾಮಾನ್ಯ.

ಎರಡನೆಯದು ಕತ್ತರಿಕೆ. ಸ್ಕ್ಯಾಂಡಿನೇವಿಯನ್ ಸಡಿಲ ಅಂಗಿ ಚಂದ ಕಾಣುವುದು ಬಟ್ಟೆಗೆ ತನ್ನದೇ ಗಟ್ಟಿತನ ಇದ್ದಾಗ. ಮೈಯಿಂದ ಸ್ವಲ್ಪ ದೂರ ನಿಂತು ತನ್ನ ಆಕಾರ ಹಿಡಿಯುವಂಥ ಬಟ್ಟೆ ಅದಕ್ಕೆ ಬೇಕು. ದಪ್ಪ ಖಾದಿ, ಬಿಗಿ ನೇಯ್ಗೆಯ ಹತ್ತಿ, ಲಿನನ್ ಹಾಗೆ ನಿಲ್ಲುತ್ತವೆ. ತೆಳು ಪಾಲಿಯೆಸ್ಟರ್ ಜೋತುಬಿದ್ದು ಬೆವರಿಗೆ ಅಂಟುತ್ತದೆ, ಸಡಿಲವಿದ್ದೂ ಗಾಳಿಯಿಲ್ಲ. ಫ್ರೆಂಚರದು ಇನ್ನೊಂದು ಶಿಸ್ತು: ಉಳಿದದ್ದು ಹೇಗೇ ಇರಲಿ, ಹೆಗಲು ಸರಿ ಕೂರಬೇಕು. ತೋಳು ಕೂಡಿಸಿದ ಹೊಲಿಗೆ ಹೆಗಲಿನ ಎಲುಬಿನ ತುದಿಗೆ ಬರಬೇಕು. ಮಗಳ ಅಂಗಿಯಲ್ಲಿ ಅದು ಎರಡು ಬೆರಳು ಕೆಳಗೆ ಜಾರಿತ್ತು, ಬಟ್ಟೆ ನಿಲ್ಲುವಂಥದ್ದೂ ಆಗಿರಲಿಲ್ಲ. ಎರಡು ದೇಶದ ಹೆಸರು ಬರೆದವರು ಎರಡು ದೇಶದ ಶಿಸ್ತನ್ನೂ ಬಿಟ್ಟಿದ್ದರು.

ಬಣ್ಣದ ಮಾತು. ಬಗೆಬಗೆಯ ಗೋಧಿ, ಬೂದಿ, ಮರಳು ಬಣ್ಣಗಳು ಉತ್ತರ ದೇಶಗಳ ಮಂಕು ಬೆಳಕಿಗೆ ಹೊಂದುತ್ತವೆ. ನಮ್ಮ ಬಿರುಬಿಸಿಲಿನಲ್ಲಿ, ನಮ್ಮ ಚರ್ಮದ ಮೇಲೆ ಅವು ಬಹಳ ಸಲ ಸಪ್ಪೆ. ನಮ್ಮ ಬೆಳಕಿಗೆ ತಡೆಯುವ ಸಾದಾ ಬಣ್ಣಗಳು ಇಳಕಲ್ಲದ ಮಗ್ಗದಲ್ಲೇ ಇವೆ: ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು, ಚಂದ್ರಕಾಳಿಯ ಕಪ್ಪು. ಇವುಗಳಲ್ಲಿ ಎರಡನ್ನು ನಿಮ್ಮದಾಗಿ ಮಾಡಿಕೊಳ್ಳಿ, ಜೊತೆಗೆ ಕೆನೆಬಿಳಿ, ಒಂದು ಕಡುನೀಲಿ. ಅಚ್ಚ ಬಿಳಿ ಬೇಕೆನ್ನುವವರು ಬಬಲೇಶ್ವರದ ಎರಿ ಹೊಲದ ಬದುವಿನ ಮೇಲೆ ಒಮ್ಮೆ ನಡೆದು ಬನ್ನಿ, ಕೆನೆಬಿಳಿ ಯಾಕೆ ಹೇಳಿದೆ ಎಂದು ತಿಳಿಯುತ್ತದೆ. ಈ ನಾಲ್ಕು ಬಣ್ಣ ಒಂದಕ್ಕೊಂದು ಕೂಡುತ್ತವೆಂದಾದರೆ ಬೆಳಿಗ್ಗೆ ಕಪಾಟಿನ ಎದುರು ನಿಂತು ಯೋಚಿಸುವ ಕೆಲಸವೇ ಇಲ್ಲ. ಕಾಲೇಜು, ಆಫೀಸಿಗೆ ಹೋಗುವವರಿಗೆ ಐದು ಕುರ್ತಾ ಅಥವಾ ಅಂಗಿ, ಮೂರು ಪೈಜಾಮ-ಪ್ಯಾಂಟು, ಒಂದು ಒಳ್ಳೆಯ ಇಳಕಲ್ಲ, ಎರಡು ಖಣದ ಕುಬಸ, ಒಂದು ಉಣ್ಣೆ ಶಾಲು ವರ್ಷ ತುಂಬಾ ಸಾಕು ಎಂಬುದು ನನ್ನ ಅನುಭವ. ಗಂಡಸರಿಗೆ ಇನ್ನೂ ಸುಲಭ: ಮೂರು ಬಿಳಿಯ ಕಡೆಯವು, ಎರಡು ನೀಲಿಯ ಕಡೆಯವು, ಹಬ್ಬಕ್ಕೆ ದಡಿ ಇರುವ ಧೋತರ.

ಹೀಗೆಂದ ತಕ್ಷಣ ಇದ್ದದ್ದೆಲ್ಲ ಎಸೆದು ಹತ್ತು ಹೊಸ ಸಾದಾ ಅರಿವಿ ತರಬೇಡಿ. 1947ರಲ್ಲಿ ಸ್ವೀಡನ್ನಿನ ವೆಸ್ಟೆರೋಸ್ ಎಂಬ ಊರಲ್ಲಿ ಒಂದು ಹೆಂಗಸರ ಉಡುಪಿನ ಅಂಗಡಿಯಾಗಿ ಶುರುವಾದ ಎಚ್ ಆ್ಯಂಡ್ ಎಂ ಇವತ್ತು ಅಗ್ಗದ, ಬೇಗ ಬದಲಾಗುವ ಉಡುಪಿಗೆ ಜಗತ್ತಿನಲ್ಲೇ ಹೆಸರಾದ ಕಂಪನಿಗಳಲ್ಲೊಂದು. ಸರಳತೆಯ ನಾಡಿನಿಂದಲೇ ಅಷ್ಟು ಅರಿವಿ ಹರಿದು ಬರುತ್ತಿದೆ. ಮೊದಲು ಕಪಾಟಿನಲ್ಲಿ ಇದ್ದದ್ದನ್ನು ಹೊರತೆಗೆಯಿರಿ. ಕಳೆದ ಸಂಕ್ರಮಣದಿಂದ ಈಚೆ ಮೈಗೆ ತಾಗಿಸದ್ದು ಯಾವುದು, ಯಾಕೆ ತಾಗಿಸಲಿಲ್ಲ ಎಂದು ನೋಡಿ. ಬಿಗಿಯಾಯಿತೇ, ಚುಚ್ಚುತ್ತದೆಯೇ, ಜೊತೆಗೆ ಹೊಂದುವುದು ಇಲ್ಲವೇ? ಆ ಕಾರಣಗಳ ಅರ್ಧ ಸಿಂಪಿಗರು ಒಂದು ಸಂಜೆಯಲ್ಲಿ ಸರಿಮಾಡುವಂಥವು.

ಇನ್ನು ಇಳಕಲ್ಲ ಮತ್ತು ಖಣ ಕೊಳ್ಳುವ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೋಸ ಆಗುವುದು ಇಲ್ಲೇ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಇಳಕಲ್ಲವೂ ಖಣದ ಊರಾದ ಗುಳೇದಗುಡ್ಡವೂ ನಮ್ಮ ವಿಜಯಪುರ ಜಿಲ್ಲೆಯ ಊರುಗಳೇ. ಇವತ್ತಿಗೂ ಬೆಳಿಗ್ಗೆ ಹೊರಟರೆ ಕತ್ತಲಾಗುವುದರೊಳಗೆ ಹೋಗಿಬರಬಹುದು. ಹೋಗಲಾಗದವರು ವಿಜಯಪುರದ ಗಾಂಧಿ ಚೌಕದ ಸುತ್ತ, ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಿ ಕೇಳಿ ನೋಡಬಹುದು. ಎಲ್ಲಿ ಕೊಂಡರೂ ಸೀರೆ ಪೂರ್ತಿ ಬಿಚ್ಚಿಸಿ. ಸೆರಗು ಕೂಡುವಲ್ಲಿ ನಾನು ಹೇಳಿದ ಕುಣಿಕೆ ಸಾಲು ಇದೆಯೇ, ಬೆರಳಿನಿಂದ ನೋಡಿ. ದಡಿಯ ಹತ್ತಿರ ಹಿಂಬದಿಗೆ ತಿರುಗಿಸಿ. ಕೈಮಗ್ಗದಲ್ಲಿ ಒಡಲಿಗೊಂದು, ಎರಡು ದಡಿಗೆ ಎರಡು, ಹೀಗೆ ಮೂರು ಲಾಳಿ ಓಡಿಸಿ ನೇಯುತ್ತಾರೆ. ಒಡಲಿನ ಎಳೆ ದಡಿಯ ಎಳೆಗೆ ಸಿಕ್ಕಿಕೊಂಡು ಅಲ್ಲೇ ಹಿಂದಿರುಗುತ್ತದೆ, ಆದ್ದರಿಂದ ಎರಡು ಬಣ್ಣಗಳ ಗಡಿ ಚೊಕ್ಕಟ. ಇದನ್ನೇ ಕೊಂಡಿ ಅನ್ನುತ್ತಾರೆ. ಸೀರೆಯ ಎರಡೂ ಅಂಚಿನುದ್ದಕ್ಕೆ ಸೂಜಿಮೊನೆಯಷ್ಟು ತೂತುಗಳು ಕಂಡರೆ ಅದು ಕುಂದಲ್ಲ, ಮಗ್ಗದ ಮೇಲೆ ಬಟ್ಟೆಯನ್ನು ಅಗಲಕ್ಕೆ ಹಿಗ್ಗಿಸಿ ಹಿಡಿದ ಗುರುತು. ಕೈಮಗ್ಗದ ಸರಕಾರಿ ಗುರುತು ‘ಹ್ಯಾಂಡ್‌ಲೂಮ್ ಮಾರ್ಕ್’ 2006ರಿಂದ ಇದೆ, ಅದೂ ಕೇಳಿ.

ಒಡಲು ಹತ್ತಿಯದಾಗಿರಲಿ. ಸೆರಗು ಶುದ್ಧ ರೇಷ್ಮೆಯದೋ ಚಮಕಾದ್ದೋ, ಅಂದರೆ ಕೃತಕ ರೇಷ್ಮೆಯದೋ, ನಿಮ್ಮ ಕಿಸೆ ನೋಡಿಕೊಳ್ಳಿ. ಬಿಸಿಲಿಗೆ ಸಿಗುವುದು ಒಡಲು, ನೋಟಕ್ಕೆ ಸಿಗುವುದು ಸೆರಗು. ಖಣದಲ್ಲಿ ಚಿತ್ರ ನೇಯ್ಗೆಯಲ್ಲೇ ಮೂಡಿರಬೇಕು, ಹಿಂಬದಿಗೆ ತಿರುಗಿಸಿದರೆ ಅದೇ ಚಿತ್ರದ ತಿರುವು ಕಾಣಬೇಕು. ಮೇಲೆ ಅಚ್ಚು ಹೊಡೆದದ್ದಾದರೆ ಹಿಂಬದಿ ಪೇಲವ. ಖಣವನ್ನು ಕುಬಸಕ್ಕೆ ಮಾತ್ರ ಎಂದು ಕಟ್ಟಿಹಾಕಬೇಕಿಲ್ಲ. ಸಾದಾ ಕಡುನೀಲಿ ಕುರ್ತಾದ ಕೊರಳಪಟ್ಟಿಗೆ, ತೋಳಿನ ತುದಿಗೆ ಎರಡು ಬೆರಳು ಖಣ ಕೂಡಿಸಿದರೆ ಪ್ಯಾರಿಸ್ಸಿನವರ ರೇಷ್ಮೆ ವಸ್ತ್ರದ ಕೆಲಸ ಅದು ಮಾಡುತ್ತದೆ. ಅಲ್ಲಿಗೆ ನಿಲ್ಲಿಸಿ. ಕೆಳಗಿನ ಅಂಚಿಗೂ, ಬೆನ್ನಿಗೂ, ಚೀಲಕ್ಕೂ ಅದೇ ಖಣ ಹಚ್ಚಿದರೆ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಕಸೂತಿಗೂ ಇದೇ ಮಾತು. ಗವಂತಿ, ಮುರ್ಗಿ ಹೊಲಿಗೆಗಳು ಗಂಟಿಲ್ಲದೆ ಎರಡೂ ಮಗ್ಗುಲಿಗೆ ಒಂದೇ ಥರ ಕಾಣುವಂಥವು. ಅಷ್ಟು ನಾಜೂಕು ಕೆಲಸದ ಒಂದು ಗೋಪುರ ಸಾಕು.

ಚಪ್ಪಲಿ ವಿಷಯದಲ್ಲಿ ನಾವು ಎಲ್ಲಿಗೂ ಹೋಗಬೇಕಿಲ್ಲ. ಕೊಲ್ಹಾಪುರಿ ಎಂಬ ಹೆಸರು ಮಹಾರಾಷ್ಟ್ರದ್ದಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡದ ಜೊತೆ ವಿಜಯಪುರವೂ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇಂಥದ್ದೇ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳಲಿಲ್ಲವೆಂದು ಇಲ್ಲಿ ಸಿಟ್ಟೆದ್ದ ಮೇಲೆ ಭಾರತದ ಕೈಕಸುಬಿನ ಪ್ರೇರಣೆ ಎಂದು ಒಪ್ಪಿಕೊಂಡಿತು. ಹೊಸದು ಕಚ್ಚುತ್ತದೆ. ಒಳಪಟ್ಟಿಗೆ ಎಣ್ಣೆ ಸವರಿ ರಾತ್ರಿ ಬಿಡಿ, ಮೊದಲ ವಾರ ಮನೆಯಲ್ಲೇ ತಾಸೆರಡು ತಾಸು ಮೆಟ್ಟಿ. ಮಳೆಗಾಲದಲ್ಲಿ ಒಳಗಿಡಿ.

ಚಳಿಯನ್ನು ನಮ್ಮವರು ಹಗುರಾಗಿ ತೆಗೆದುಕೊಳ್ಳುತ್ತಾರೆ. ರಾಜ್ಯದಲ್ಲೇ ಕಡಿಮೆ ತಾಪಮಾನ ದಾಖಲಾದ ಊರುಗಳ ಸುದ್ದಿಯಲ್ಲಿ ವಿಜಯಪುರ ಆಗಾಗ ಬರುತ್ತದೆ. ಡಿಸೆಂಬರಿನ ನಸುಕಿನಲ್ಲಿ ತಿಕೋಟಾದ ದ್ರಾಕ್ಷಿ ತೋಟಕ್ಕೆ ಬೈಕಿನ ಮೇಲೆ ಹೋಗುವವರಿಗೆ ಗೊತ್ತು. ಮಧ್ಯಾಹ್ನ ಮತ್ತೆ ಬೆವರು. ಒಂದೇ ದಪ್ಪ ಜಾಕೆಟ್ ಇಲ್ಲಿ ನಡೆಯದು, ಸ್ಕ್ಯಾಂಡಿನೇವಿಯದ ಪದರ ಪದ್ಧತಿಯೇ ಸರಿ: ಒಳಗೆ ತೆಳು ಹತ್ತಿ, ಮೇಲೆ ಉಣ್ಣೆಯ ಸ್ವೆಟರ್ ಅಥವಾ ಶಾಲು, ಗಾಡಿ ಹೊಡೆಯುವಾಗ ಮಾತ್ರ ಗಾಳಿ ತಡೆಯುವ ಒಂದು ತೆಳು ಹೊದಿಕೆ. ಹತ್ತು ಗಂಟೆಗೆ ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕುವುದು.

ಒಗೆಯುವಾಗ ಎಚ್ಚರ. ಕೆಂಪು ಸೆರಗು ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯಲು ಒದ್ದೆ ಬಿಳಿ ಅರಿವಿಯನ್ನು ಮೂಲೆಯ ಮೇಲೆ ಒತ್ತಿ ಹಿಡಿದು ನೋಡಿ. ಬಿಟ್ಟರೆ ಮೊದಲ ಮೂರು-ನಾಲ್ಕು ಸಲ ತಣ್ಣೀರಲ್ಲಿ ಬೇರೆಯಾಗಿ ಜಾಲಿಸಿ ತಕ್ಷಣ ಹರವಬೇಕು, ನೆನೆಹಾಕಬಾರದು, ಒದ್ದೆ ಮುದ್ದೆ ಮಾಡಿ ಇಡಬಾರದು. ನಮ್ಮ ಬಿಸಿಲು ಬಣ್ಣ ತಿನ್ನುತ್ತದೆ, ನೆರಳಲ್ಲೇ ಒಣಗಿಸಿ. ಟ್ರಂಕಿನಲ್ಲಿಟ್ಟದ್ದನ್ನು ವರ್ಷಕ್ಕೆ ಎರಡು ಸಲ ತೆಗೆದು ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಎಳೆ ಸೀಳುತ್ತದೆ. ನಮ್ಮವ್ವನ ಸೀರೆ ಹಾಗೆ ಒಂದು ಕಡೆ ಸೀಳಿದೆ. ತಪ್ಪು ನನ್ನದು, ಆಕೆ ಹೋದ ಮೇಲೆ ಹತ್ತು ವರ್ಷ ಅದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ.

ಮಗಳು ಆ ಸೀಳಿನ ಮೇಲೆ ಕೈಯಾಡಿಸಿ, ತನಗೂ ಇಂಥದ್ದೇ ಹಸಿರಿನ ಒಂದು ಕುರ್ತಾ ಬೇಕು ಅಂದಳು. ಕೆನೆಬಿಳಿ ಖಾದಿ ಒಂದು, ಹಸಿರು ಹತ್ತಿ ಒಂದು ಕೊಂಡೆವು, ಕೊರಳಿಗೆ ಅಂತ ಕೆಂಪು ಖಣದ ತುಂಡು. ಬಬಲೇಶ್ವರದಲ್ಲಿ ನಮಗೆ ಗುರುತಿನ ಸಿಂಪಿಗರಿದ್ದಾರೆ, ಅಳತೆಗೆ ಅಲ್ಲಿಗೇ ಹೋದೆವು. ಹೆಗಲು ಎಲುಬಿಗೆ, ಮೈ ಸಡಿಲ, ತೋಳು ಮೊಣಕೈ ದಾಟಿ ನಾಲ್ಕು ಬೆರಳು. ಅವರು ಟೇಪು ಕೊರಳಿಗೆ ಹಾಕಿಕೊಂಡು ವಹಿಯಲ್ಲಿ ಬರೆಯುತ್ತ ಕೇಳಿದರು, “ಯವ್ವಾ, ಜೇಬು ಇಡ್ಲೋ, ಬ್ಯಾಡೋ?”

ಮಗಳು ಸ್ವಲ್ಪ ಹೊತ್ತು ಯೋಚಿಸಿದಳು.

“ಎರಡೂ ಕಡೆ ಇರ್ಲಿ ಕಾಕಾ, ಆಳ ಇಡ್ರಿ. ಒಂದರಾಗ ಫೋನು, ಒಂದರಾಗ ಬಸ್ಸಿಗೆ ತೋರಸಾಕ ಆಧಾರ್ ಕಾರ್ಡು.”